ತಿಂಗಳ ಪಾಠ: ಬಾಗಿಲಿಗೆ ಬಂದವರು ಏನು ಬರೆದುಕೊಂಡು ಹೋದರು?



ಹೆಸರು ಬರೆಸುವುದು ಹೊಸ ವಿಷಯವಲ್ಲ. ಸಂತ ಜೋಸೆಫರು ಮರಿಯಮ್ಮನವರನ್ನು ಕರೆದುಕೊಂಡು ಬೆತ್ಲೆಹೇಮಿಗೆ ಹೋದದ್ದೂ ಜನಗಣತಿಗಾಗಿಯೇ. ಆದರೆ ಈಗ ನಾವು ಹೇಳಿದ್ದು ಒಂದು ಪುಸ್ತಕದಲ್ಲೇ ಉಳಿಯುವುದಿಲ್ಲ. ಮೊಬೈಲಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಇನ್ಯಾರದೋ ಕೈಗೆ ಕ್ಷಣದಲ್ಲಿ ಹೋಗಬಹುದು.

ನಡೆದ ಸಂಗತಿ

2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲೇ ಒಂದು ಪ್ರಕರಣ ಬೆಳಕಿಗೆ ಬಂತು. ಮತದಾರರ ಜಾಗೃತಿಗೆಂದು ಅಂದಿನ ಬಿಬಿಎಂಪಿ ‘ಚಿಲುಮೆ’ ಎಂಬ ಸಂಸ್ಥೆಗೆ ಅನುಮತಿ ಕೊಟ್ಟಿತ್ತು. ಅದರ ಕೆಲಸಗಾರರು ಬೂತ್ ಮಟ್ಟದ ಅಧಿಕಾರಿಗಳ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಗೆ ಹೋಗಿ ಮಾತೃಭಾಷೆ, ಉದ್ಯೋಗ, ಆಧಾರ್ ವಿವರ ಸಂಗ್ರಹಿಸಿದರೆಂಬ ಆರೋಪ ಬಂತು. ಅನುಮತಿ ರದ್ದಾಯಿತು. ಚುನಾವಣಾ ಆಯೋಗವು ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ, ಕೈಬಿಟ್ಟ ಹೆಸರುಗಳನ್ನು ಪುನಃ ಪರಿಶೀಲಿಸಲು ಆದೇಶಿಸಿತು. ಚಿಕ್ಕಪೇಟೆ ನಮ್ಮ ಚಾಮರಾಜಪೇಟೆಗೆ ಎಷ್ಟು ದೂರ? ನೀವೇ ಹೇಳಿ.

ತೊಂದರೆ ಯಾರಿಗೆ?

ದೊಡ್ಡ ಮನೆಯವರು ಗೇಟಿನಲ್ಲೇ ಪ್ರಶ್ನೆ ಕೇಳಿ ಕಳಿಸ್ತಾರೆ. ವಠಾರದಲ್ಲಿರುವ ನಮ್ಮವರು, ರೇಷನ್ ಕಾರ್ಡ್ ಹೋದೀತೆಂಬ ಹೆದರಿಕೆಯಿಂದ, ಕೇಳಿದ್ದನ್ನೆಲ್ಲ ಕೊಟ್ಟುಬಿಡ್ತಾರೆ. ಹಾಗಂತ ಎಲ್ಲರಿಗೂ ಬಾಗಿಲು ಹಾಕುವುದೂ ಸರಿಯಲ್ಲ. ಲೆಕ್ಕಕ್ಕೆ ಸಿಗದ ಬಡವರ ಪಾಲು ಯೋಜನೆಗಳಲ್ಲೂ ಸಿಗುವುದಿಲ್ಲ.

ಕಾನೂನು ಏನು ಹೇಳುತ್ತೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಬಗ್ಗೆ ಹೈಕೋರ್ಟ್, ಉತ್ತರ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಮಾಹಿತಿ ಗೋಪ್ಯವಾಗಿರಬೇಕು ಎಂದಿತು. ಜನಗಣತಿಯ ವಿಷಯ ಬೇರೆ. 1948ರ ಕಾಯ್ದೆಯಂತೆ ಅದಕ್ಕೆ ಉತ್ತರಿಸುವುದು ಕರ್ತವ್ಯ. ಗುಟ್ಟು ಕಾಪಾಡುವುದು ಸರ್ಕಾರದ ಕರ್ತವ್ಯ.

ನಾವು ಮಾಡಬೇಕಾದದ್ದು

1. ಯಾವ ಇಲಾಖೆ, ಯಾಕೆ ಕೇಳ್ತೀರಿ ಎಂದು ಮೊದಲು ವಿಚಾರಿಸಿ. ಚೀಟಿ ನೋಡಿದರೆ ಸಾಲದು, ಚಿಲುಮೆಯವರ ಕೊರಳಲ್ಲೂ ಚೀಟಿ ಇತ್ತು. ಅನುಮಾನ ಬಂದರೆ “ನಾಳೆ ಬನ್ನಿ” ಎಂದು ಹೇಳಿ, ವಾರ್ಡ್ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.
2. ಓಟಿಪಿ ಹೇಳಬೇಡಿ. ಖಾಲಿ ಫಾರಂಗೆ ಸಹಿ, ಹೆಬ್ಬೆಟ್ಟು ಹಾಕಬೇಡಿ.
3. ಚುನಾವಣೆ ಬರುವವರೆಗೆ ಕಾಯದೆ ಮತದಾರರ ಪಟ್ಟಿಯಲ್ಲಿ ಹೆಸರು ನೋಡಿಕೊಳ್ಳಿ. ಇಲ್ಲದಿದ್ದರೆ ನಮೂನೆ 6 ತುಂಬಿ. ಸಹಾಯವಾಣಿ 1950.

ಚರ್ಚೆಗೆ

ಕಳೆದ ಒಂದು ವರ್ಷದಲ್ಲಿ ನಿಮ್ಮ ಬೀದಿಗೆ ಯಾರ್‍ಯಾರು ಬಂದು ಏನೇನು ಬರೆದುಕೊಂಡರು? ಮುಂದಿನ ಸಭೆಗೆ ಪಟ್ಟಿ ಮಾಡಿ ತನ್ನಿ. ಓದು ಬರದ ಅಜ್ಜಿಯರ ಮನೆಯಿಂದಲೇ ಶುರು ಮಾಡಿ.