ಏರು ದಾರಿಗೆ ಎಷ್ಟು ವ್ಯಾಟ್ ಬೇಕು? ಬಾಡಿಗೆ ಇ-ಸೈಕಲ್ ಬಗ್ಗೆ ಒಂದು ಪಾಠ

ನಮ್ಮ ಕಾಲೇಜಿನ ಗೇಟಿನಿಂದ ಬಸ್ ಸ್ಟಾಪ್‌ಗೆ 2 ಕಿ.ಮೀ. ಹೋಗೋವಾಗ ಇಳಿಜಾರು, ಬರೋವಾಗ ಏರು. ಬೆಳಿಗ್ಗೆ ಶೇರ್ ಆಟೋ ಸಿಗದಿದ್ರೆ ಮೊದಲನೇ ಪೀರಿಯಡ್ ಹೋಯ್ತು ಅಂತಾನೇ ಲೆಕ್ಕ. ಹಾಗಾಗಿ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಆರಿಸಿಕೊಂಡ ವಿಷಯ: ಈ ದಾರಿಗೆ ಬಾಡಿಗೆ ಎಲೆಕ್ಟ್ರಿಕ್ ಸೈಕಲ್ ಇಟ್ಟರೆ ನಡೆಯುತ್ತಾ? ಕಲಿತಿದ್ದನ್ನು ಇಲ್ಲಿ ಬರೀತಿದ್ದೀವಿ. ನಾವೆಲ್ಲ ಇಂಗ್ಲಿಷ್ ಮೀಡಿಯಂನವರು, ಕನ್ನಡದಲ್ಲಿ ತಪ್ಪಿದ್ರೆ ಕ್ಷಮಿಸಿ.

ಮೊದಲು ಒಂದು ಊರಿನ ಕಥೆ

ಉದಾಹರಣೆಗೆ ನಾವು ಓದಿದ್ದು ಸ್ಪೇನ್ ದೇಶದ ರಾಜಧಾನಿ ಮ್ಯಾಡ್ರಿಡ್ ಬಗ್ಗೆ. ಅಲ್ಲಿನ ಸಾರ್ವಜನಿಕ ಸೈಕಲ್ ಸೇವೆಯ ಹೆಸರು ಬಿಸಿಮ್ಯಾಡ್. 2014ರ ಜೂನ್‌ನಲ್ಲಿ ಸುಮಾರು 1,560 ಸೈಕಲ್, 123 ನಿಲ್ದಾಣಗಳೊಂದಿಗೆ ಶುರುವಾಯ್ತು. ವಿಶೇಷ ಏನಂದ್ರೆ, ಮೊದಲ ದಿನದಿಂದಲೂ ಎಲ್ಲವೂ ಎಲೆಕ್ಟ್ರಿಕ್ ಸೈಕಲ್‌ಗಳೇ. ಕಾರಣ ಸರಳ. ಮ್ಯಾಡ್ರಿಡ್ ಸಮತಟ್ಟಾದ ಊರಲ್ಲ, ನದಿ ಕಡೆಯಿಂದ ಊರೊಳಗೆ ಬರಬೇಕಂದ್ರೆ ಏರಬೇಕು. ಶುರುವಿನಲ್ಲಿ ಖಾಸಗಿ ಕಂಪನಿ ನಡೆಸುತ್ತಿತ್ತು. 2016ರಲ್ಲಿ ನಗರದ ಬಸ್ ಓಡಿಸುವ ಸಾರ್ವಜನಿಕ ಸಂಸ್ಥೆಯೇ ಅದನ್ನು ವಹಿಸಿಕೊಂಡಿತು. 2023ರಲ್ಲಿ ಸೇವೆಯನ್ನು ಹೊಸದಾಗಿ ಕಟ್ಟಿ, ಸುಮಾರು 7,500 ಸೈಕಲ್‌ಗಳೊಂದಿಗೆ ಊರಿನ ಎಲ್ಲಾ 21 ಜಿಲ್ಲೆಗಳಿಗೂ ಹರಡಿದರು.

ಮೋಟಾರ್ ಏನು ಮಾಡುತ್ತೆ?

ಇಂಥ ಸೈಕಲ್‌ನಲ್ಲಿ ಪೆಡಲ್ ತುಳಿಯಲೇಬೇಕು. ತುಳಿದಿದ್ದನ್ನು ಸೆನ್ಸರ್ ಗಮನಿಸಿ ಕಂಟ್ರೋಲರ್‌ಗೆ ಹೇಳುತ್ತೆ, ಕಂಟ್ರೋಲರ್ ಮೋಟಾರ್‌ಗೆ ಕರೆಂಟ್ ಬಿಡುತ್ತೆ. ಯುರೋಪಿನ ನಿಯಮದಲ್ಲಿ ಮೋಟಾರ್ 250 ವ್ಯಾಟ್ ಮೀರಬಾರದು, ವೇಗ ಗಂಟೆಗೆ 25 ಕಿ.ಮೀ. ತಲುಪಿದ ಕೂಡಲೇ ಸಹಾಯ ನಿಲ್ಲಬೇಕು. ನಮ್ಮ ದೇಶದಲ್ಲೂ 250 ವ್ಯಾಟ್, 25 ಕಿ.ಮೀ. ಮಿತಿಯೊಳಗಿನ ಎಲೆಕ್ಟ್ರಿಕ್ ಗಾಡಿಗೆ ಲೈಸೆನ್ಸ್ ಬೇಕಿಲ್ಲ. ಬೆಂಗಳೂರಿನಲ್ಲಿ ಯುಲು ಗಾಡಿಯನ್ನು ಲೈಸೆನ್ಸ್ ಇಲ್ಲದೆ ಓಡಿಸೋದು ಇದರಿಂದಲೇ.

250 ವ್ಯಾಟ್ ಅಂದ್ರೆ ಮಿಕ್ಸಿಗಿಂತ ಕಡಿಮೆ. ಅಷ್ಟು ಸಾಕಾ? ಲೆಕ್ಕ ಹಾಕೋಣ.

ನಾವು ಮಾಡಿದ ತಪ್ಪು

ನಮ್ಮ ದಾರಿ 100 ಮೀಟರ್‌ಗೆ 4 ಮೀಟರ್ ಏರುತ್ತೆ ಅಂತ ಇಟ್ಟುಕೊಳ್ಳಿ. ಸವಾರರ ತೂಕ 60 ಕೆ.ಜಿ., ವೇಗ ಗಂಟೆಗೆ 12 ಕಿ.ಮೀ., ಅಂದ್ರೆ ಸೆಕೆಂಡಿಗೆ 3.33 ಮೀಟರ್. ಏರಿನಲ್ಲಿ ಹಿಂದಕ್ಕೆ ಎಳೆಯುವ ಬಲ 60 × 9.8 × 0.04 = 23.5 ನ್ಯೂಟನ್. ವೇಗದಿಂದ ಗುಣಿಸಿದ್ರೆ ಸುಮಾರು 78 ವ್ಯಾಟ್. ಸಾಮಾನ್ಯ ಮನುಷ್ಯ ಹೆಚ್ಚು ಸುಸ್ತಾಗದೆ 75 ವ್ಯಾಟ್ ಹತ್ತಿರ ಕೊಡಬಲ್ಲ. ಹಾಗಾದ್ರೆ ಮೋಟಾರೇ ಬೇಡ ಅಂತ ಖುಷಿಯಾಗಿ ಬರೆದು ಸರ್‌ಗೆ ತೋರಿಸಿದ್ವಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಸೈಕಲ್‌ಗೆ ತೂಕ ಇಲ್ವೇನ್ರೋ?"

ಬಾಡಿಗೆ ಇ-ಸೈಕಲ್ ಗಟ್ಟಿಯಾಗಿರಬೇಕು, ಬ್ಯಾಟರಿ ಬೇರೆ, ಹಾಗಾಗಿ 25 ಕೆ.ಜಿ. ಅಂತ ಹಿಡಿದ್ವಿ. ಈಗ ಒಟ್ಟು 85 ಕೆ.ಜಿ., ಏರಿಗೇ 111 ವ್ಯಾಟ್. ಟೈರಿನ ಘರ್ಷಣೆ, ಗಾಳಿಯ ತಡೆ ಸೇರಿಸಿದ್ರೆ ಇನ್ನೊಂದು 35. ಒಟ್ಟು ಸುಮಾರು 145 ವ್ಯಾಟ್. ನಾವು 75 ಕೊಟ್ಟರೆ ಉಳಿದ 70 ಮೋಟಾರ್ ಕೊಡಬೇಕು. ಅದಕ್ಕೆ 250 ಧಾರಾಳ ಸಾಕು.

ಬ್ಯಾಟರಿ ಎಷ್ಟು ಬಾರಿ ಏರಿಸುತ್ತೆ? 2 ಕಿ.ಮೀ.ಗೆ 10 ನಿಮಿಷ. ಮೋಟಾರಿನ 70 ವ್ಯಾಟನ್ನು 6ರಿಂದ ಭಾಗಿಸಿದ್ರೆ ಸುಮಾರು 12 ವ್ಯಾಟ್-ಅವರ್. ಮೋಟಾರಿನ ದಕ್ಷತೆ 75% ಅಂದ್ರೆ ಬ್ಯಾಟರಿಯಿಂದ 16 ಹೋಗುತ್ತೆ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ಇರುತ್ತೆ. ಲೆಕ್ಕಕ್ಕೆ 22 ಸಲ ಏರಬಹುದು. ಪೂರ್ತಿ ಖಾಲಿ ಮಾಡಬಾರದು, ಆದ್ರಿಂದ 15 ಅಂತ ಇಟ್ಟುಕೊಳ್ಳೋದು ಕ್ಷೇಮ.

ಏರು ಗೆದ್ದರೂ ಉಳಿಯೋ ಸಮಸ್ಯೆ

ಮಾಮೂಲಿ ಸೈಕಲ್ ಇಟ್ಟರೆ ಎಲ್ಲರೂ ಇಳಿಜಾರಿಗೆ ಬಳಸಿ ಕೆಳಗೇ ಬಿಟ್ಟು ಹೋಗ್ತಾರೆ, ಏರೋಕೆ ಆಟೋ ಹುಡುಕ್ತಾರೆ. ಮೋಟಾರ್ ಇದನ್ನು ಸರಿಮಾಡುತ್ತೆ. ಆದ್ರೆ ಬೆಳಿಗ್ಗೆ ಎಂಟೂವರೆಗೆ ಎಲ್ಲರೂ ಒಟ್ಟಿಗೆ ಮೇಲೆ ಬರ್ತಾರಲ್ಲ? ಕೆಳಗೆ 12 ಸೈಕಲ್ ಇದ್ದರೆ 13ನೆಯವರು ನಡೀಬೇಕು. ಸಾಯಂಕಾಲ ಇದೇ ಉಲ್ಟಾ.

ಇದಕ್ಕೆ ಎರಡು ದಾರಿ. ಒಂದು, ಲಾರಿಯಲ್ಲಿ ಸೈಕಲ್ ತುಂಬಿ ಖಾಲಿ ನಿಲ್ದಾಣಕ್ಕೆ ಸಾಗಿಸೋದು. ಖರ್ಚು ಜಾಸ್ತಿ. ಇನ್ನೊಂದು, ಬಳಸುವವರಿಂದಲೇ ಆ ಕೆಲಸ ಮಾಡಿಸೋದು. ಮ್ಯಾಡ್ರಿಡ್‌ನಲ್ಲಿ ತುಂಬಿದ ನಿಲ್ದಾಣದಿಂದ ಸೈಕಲ್ ತಗೊಂಡ್ರೆ ಅಥವಾ ಖಾಲಿ ಇರುವಲ್ಲಿ ಬಿಟ್ಟರೆ ಬಾಡಿಗೆಯಲ್ಲಿ ಸಣ್ಣ ರಿಯಾಯಿತಿ ಇಟ್ಟಿದ್ದರು. ನಮಗೆ ತುಂಬಾ ಇಷ್ಟವಾದ ಐಡಿಯಾ ಇದು. ಕೆಲವೇ ಸೆಂಟ್ ರಿಯಾಯಿತಿ ಒಂದು ಲಾರಿ ಟ್ರಿಪ್ ಉಳಿಸಬಹುದು.

ಮೆಸ್ಸಿನ ಅಕ್ಕ ಕೇಳಿದ್ದು

ಪಿಪಿಟಿ ಪ್ರಾಕ್ಟೀಸ್ ಮಾಡಿದ್ದು ಹಾಸ್ಟೆಲ್ ಮೆಸ್ಸಿನಲ್ಲಿ. ಟೇಬಲ್ ಒರೆಸುತ್ತಿದ್ದ ಅಕ್ಕ ನಿಂತು ಕೇಳಿಸಿಕೊಂಡರು. ಅವರು ದಿನಾ ಮೊದಲನೇ ಬಸ್ಸಿಗೆ ಬಂದು ಈ 2 ಕಿ.ಮೀ. ನಡೆದೇ ಏರ್ತಾರೆ. ಆ ಹೊತ್ತಿಗೆ ಶೇರ್ ಆಟೋ ಇರಲ್ಲ.

"ನಂಗೂ ಕೊಡ್ತಾರೇನಪ್ಪಾ ಆ ಗಾಡಿ?"

"ಸೈಕಲ್ ಹೊಡೆಯೋಕೆ ಬರುತ್ತಾ ಅಕ್ಕಾ?"

"ಮದುವೆಗೆ ಮುಂಚೆ ಊರಲ್ಲಿ ನಮ್ಮಪ್ಪನ ಸೈಕಲ್ ಹೊಡೀತಿದ್ದೆ. ಅದೆಲ್ಲಿ ಮರೆಯುತ್ತೆ!"

ನಮ್ಮ ಡಿಸೈನ್‌ನಲ್ಲಿ ಆ್ಯಪ್ ಡೌನ್‌ಲೋಡ್ ಮಾಡಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಆನ್‌ಲೈನ್ ಡೆಪಾಸಿಟ್ ಕಟ್ಟಬೇಕಿತ್ತು. ಅಕ್ಕನ ಹತ್ತಿರ ಇರೋದು ಕೀಪ್ಯಾಡ್ ಫೋನ್. ನಾಲ್ಕೂ ಜನ ಸುಮ್ಮನಾದ್ವಿ. ಶೀರ್ಷಿಕೆಯಲ್ಲಿ "ಸಾರ್ವಜನಿಕ" ಅಂತ ದೊಡ್ಡದಾಗಿ ಬರೆದುಕೊಂಡಿದ್ವಿ. ಈ ದಾರಿ ಯಾರಿಗೆ ಹೆಚ್ಚು ಕಷ್ಟವೋ ಅವರನ್ನೇ ಲೆಕ್ಕಕ್ಕೆ ತಗೊಂಡಿರಲಿಲ್ಲ. ಸೈಕಲ್ ತೂಕ ಬಿಟ್ಟಿದ್ದಕ್ಕಿಂತ ಇದು ದೊಡ್ಡ ತಪ್ಪು ಅನ್ನಿಸ್ತು.

ಉತ್ತರ ನಮ್ಮ ಮೈಸೂರಿನಲ್ಲೇ ಇತ್ತು. 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಅಲ್ಲಿ ಶುರುವಾದ ಟ್ರಿಣ್ ಟ್ರಿಣ್ ಸೇವೆಯಲ್ಲಿ ಸದಸ್ಯರಿಗೆ ಸ್ಮಾರ್ಟ್ ಕಾರ್ಡ್ ಕೊಟ್ಟಿದ್ದರು. ನಿಲ್ದಾಣದಲ್ಲಿ ಕಾರ್ಡ್ ಬಳಸಿದ್ರೆ ಸೈಕಲ್ ಬಿಡಿಸಿಕೊಳ್ಳಬಹುದಿತ್ತು. ಈಗ ನಮ್ಮ ಡಿಸೈನ್‌ನಲ್ಲೂ ಕಾಲೇಜು ಐಡಿ ಕಾರ್ಡೇ ಬೀಗದ ಕೈ. ವಿದ್ಯಾರ್ಥಿಗಳಿಗಿರುವ ಕಾರ್ಡ್ ಮೆಸ್, ತೋಟ, ಸೆಕ್ಯುರಿಟಿ ಸಿಬ್ಬಂದಿಗೂ ಇದೆ. ಬಾಡಿಗೆಯನ್ನು ತಿಂಗಳಿಗೊಮ್ಮೆ ಆಫೀಸಿನಲ್ಲಿ ನಗದಾಗಿ ಕಟ್ಟಬಹುದು. ರಾತ್ರಿ ಕನಿಷ್ಠ 4 ಸೈಕಲ್ ಕೆಳಗಿನ ನಿಲ್ದಾಣದಲ್ಲೇ ಚಾರ್ಜ್ ಆಗ್ತಿರಬೇಕು ಅನ್ನೋ ನಿಯಮವನ್ನೂ ಸೇರಿಸಿದ್ದೀವಿ, ಮೊದಲನೇ ಬಸ್ಸಿಗೆ ಬರುವವರಿಗಾಗಿ.

ಪ್ರಾಜೆಕ್ಟ್ ಇನ್ನೂ ಕಾಗದದಲ್ಲೇ ಇದೆ. ಪ್ರಿನ್ಸಿಪಾಲರಿಗೆ ಮನವಿ ಬರೆದಿದ್ದೀವಿ. ಅಲ್ಲಿಯವರೆಗೆ ನಿಮಗೊಂದು ಹೋಂವರ್ಕ್: ಅಕ್ಕ ತರೋ 10 ಕೆ.ಜಿ. ತರಕಾರಿ ಚೀಲ ಸೇರಿಸಿ ಮೇಲಿನ ಲೆಕ್ಕವನ್ನು ಮತ್ತೆ ಮಾಡಿ. ಎಷ್ಟು ವ್ಯಾಟ್ ಹೆಚ್ಚಾಗುತ್ತೆ ಅಂತ ಕನ್ನಡ ಸಂಘದ ರೂಮಿಗೆ ಬಂದು ಹೇಳಿ. ನಮ್ಮ ಲೆಕ್ಕದಲ್ಲಿ ಇನ್ನೇನಾದ್ರೂ ಬಿಟ್ಟುಹೋಗಿದ್ರೆ ಅದನ್ನೂ ಹೇಳಿ, ತಿದ್ದಿಕೊಳ್ತೀವಿ.