ಗಡಿಯಾಚೆಯ ಇಲಿ

ಅನ್ನ ಬೆಂದಿತೇ ಎಂಬುದನ್ನು ಒಂದು ಅಗುಳನ್ನು ಹಿಸುಕಿ ತಿಳಿಯಬಹುದು. ಆದರೆ ಒಬ್ಬನನ್ನು ಕಂಡು ಒಂದು ಜನಾಂಗವನ್ನೇ ಅಳೆಯಲಾಗದು. ಹಾಗೆ ಅಳೆಯುವುದರಿಂದ ಹುಟ್ಟುವ ಪೂರ್ವಗ್ರಹಗಳು ಮಕ್ಕಳ ವಿನೋದದಲ್ಲಿಯೂ ನುಸುಳುವುದುಂಟು. ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆಯ ಕಾರ್ಟೂನ್ ಚಿತ್ರಗಳಲ್ಲಿ ಬರುವ ಸ್ಪೀಡಿ ಗೊಂಜಾಲೆಸ್ ಎಂಬ ಇಲಿಯ ಕಥೆ ಇದಕ್ಕೊಂದು ನಿದರ್ಶನ.

ಈ ಇಲಿ ಮೊದಲು ತೆರೆಯ ಮೇಲೆ ಬಂದುದು ೧೯೫೩ರಲ್ಲಿ. ಅದರ ಹೆಸರನ್ನೇ ಹೊತ್ತ ೧೯೫೫ರ ಕಿರುಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಆ ಚಿತ್ರದಲ್ಲಿ ಮೆಕ್ಸಿಕೋದ ಬಡ ಇಲಿಗಳು ಗಡಿಯ ಬೇಲಿಯ ಬಳಿ ಹಸಿದು ನಿಂತಿವೆ. ಬೇಲಿಯ ಆಚೆಗೆ ಚೀಸ್ ಕಾರ್ಖಾನೆ. ಅದಕ್ಕೆ ಸಿಲ್ವೆಸ್ಟರ್ ಎಂಬ ಬೆಕ್ಕಿನ ಕಾವಲು. ಅಗಲವಾದ ಟೋಪಿ ಧರಿಸಿದ ಸ್ಪೀಡಿ ಮಿಂಚಿನಂತೆ ಓಡಿ, ಬೆಕ್ಕನ್ನು ಪೇಚಿಗೆ ಸಿಲುಕಿಸಿ, ತನ್ನವರಿಗೆ ಚೀಸನ್ನು ತಂದುಕೊಡುತ್ತಾನೆ.

ಈ ವಿನೋದದ ಒಡಲಲ್ಲಿ ನೋವೂ ಇತ್ತು. ಸರಣಿಯ ಹಲವು ಚಿತ್ರಗಳಲ್ಲಿ ಸ್ಪೀಡಿಯ ಸಂಗಡಿಗರು ಸೋಮಾರಿಗಳಾಗಿ, ಕುಡುಕರಾಗಿ ಕಾಣಿಸುತ್ತಾರೆ. ಅವರ ಇಂಗ್ಲಿಷ್ ಉಚ್ಚಾರಣೆಯೂ ನಗೆಗೀಡಾಗಿದೆ. ಸ್ಪೀಡಿಗೆ ಧ್ವನಿ ನೀಡಿದವರು ಅಮೆರಿಕದ ನಟ ಮೆಲ್ ಬ್ಲಾಂಕ್. ಮೆಕ್ಸಿಕೋದವರನ್ನು ಎಂದೂ ಕಾಣದ ಮಗುವೊಂದು ಆ ಜನರೆಲ್ಲರೂ ಹೀಗೆಯೇ ಎಂದು ನಂಬಿದರೆ ಆಶ್ಚರ್ಯವೇನು? ಇಂತಹ ಆಕ್ಷೇಪಗಳ ಕಾರಣದಿಂದ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯು ೧೯೯೯ರ ಬಳಿಕ ಈ ಚಿತ್ರಗಳನ್ನು ಬದಿಗಿರಿಸಿತ್ತು.

ಆದರೆ ಅವುಗಳನ್ನು ಮತ್ತೆ ತೋರಿಸಬೇಕೆಂದು ಕೇಳಿದವರಲ್ಲಿ ಲ್ಯಾಟಿನ್ ಅಮೆರಿಕದ ಮೂಲದವರೇ ಅನೇಕರಿದ್ದರು! ಬಾಲ್ಯದಲ್ಲಿ ಅವರು ಕಂಡುದು ಬೇರೊಂದು ಇಲಿಯನ್ನು. ಬಲಿಷ್ಠನನ್ನು ಬುದ್ಧಿಯಿಂದ ಗೆದ್ದು, ಹಸಿದ ಬಂಧುಗಳ ಹೊಟ್ಟೆ ತುಂಬಿಸುವ ವೀರನವನು. ಮೆಕ್ಸಿಕೋದ ಹೆಸರು ಹೊತ್ತು ಯಾರಿಗೂ ಅಂಜದವನು. ೨೦೦೨ರಲ್ಲಿ ಸ್ಪೀಡಿ ಕಿರುತೆರೆಗೆ ಮರಳಿದನು. ೨೦೨೧ರಲ್ಲಿ ಪುನಃ ಚರ್ಚೆ ಎದ್ದಾಗ ಮೆಕ್ಸಿಕನ್ ಮೂಲದ ಹಾಸ್ಯನಟ ಗೇಬ್ರಿಯಲ್ ಇಗ್ಲೇಸಿಯಸ್ ಅವನ ಪಕ್ಷ ವಹಿಸಿದರು. ಅದೇ ವರ್ಷ ತೆರೆಕಂಡ ಚಲನಚಿತ್ರವೊಂದರಲ್ಲಿ ಸ್ಪೀಡಿಗೆ ಕಂಠ ನೀಡಿದವರೂ ಅವರೇ.

ಹಾಗೆಂದ ಮಾತ್ರಕ್ಕೆ ಹಳೆಯ ತಪ್ಪು ಅಳಿಯಿತೇ? ಇಲ್ಲ. ಸ್ಪೀಡಿಯೊಬ್ಬನು ಚುರುಕು, ಉಳಿದವರು ಜಡರು ಎಂಬ ಚಿತ್ರಣದಲ್ಲಿ ಒಂದು ಜನಾಂಗದ ಅವಹೇಳನ ಅಡಗಿಯೇ ಇದೆ. ನೋಡಿದವರು ಮುಳ್ಳನ್ನು ಸರಿಸಿ ಹಣ್ಣನ್ನು ಆರಿಸಿಕೊಂಡರು. ಆ ಜಾಣ್ಮೆಯ ಹಿರಿಮೆ ಅವರಿಗೇ ಸಲ್ಲಬೇಕು. ನಗುವವನಾದರೋ, ತನ್ನ ನಗೆ ಯಾರನ್ನು ಚುಚ್ಚುತ್ತಿದೆ ಎಂಬುದನ್ನು ಮೊದಲು ಯೋಚಿಸಬೇಕು. ಅದೇ ವಿವೇಕದ ಲಕ್ಷಣ.

ಅಭ್ಯಾಸ

೧. ಸ್ಪೀಡಿಯ ಚಿತ್ರಗಳ ಬಗೆಗೆ ಆಕ್ಷೇಪ ಏಕೆ ಬಂದಿತು?
೨. ಅದೇ ಚಿತ್ರಗಳಲ್ಲಿ ಲ್ಯಾಟಿನ್ ಅಮೆರಿಕದ ಮೂಲದ ವೀಕ್ಷಕರು ಕಂಡ ಹಿರಿಮೆ ಯಾವುದು?
೩. ‘ಮುಳ್ಳನ್ನು ಸರಿಸಿ ಹಣ್ಣನ್ನು ಆರಿಸಿಕೊಂಡರು’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.