ಎಡೆದೊರೆನಾಡಿನ ಯುದ್ಧವೂ ಅದರ ಪಾಠವೂ

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ; ಇವೆರಡರ ನಡುವಣ ಸೀಮೆಯನ್ನು ಪೂರ್ವಿಕರು ಎಡೆದೊರೆನಾಡೆಂದು ಕರೆದರು. ನಮ್ಮ ತುರ್ವಿಹಾಳವೂ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳೂ ಇದರೊಳಗಿನವೇ. ಇಲ್ಲಿಯ ಎರೆಭೂಮಿ ಫಲವತ್ತಾದುದು. ರಾಯಚೂರು, ಮುದಗಲ್ಲುಗಳ ಕೋಟೆಗಳು ಬಲವಾದವು. ಆದುದರಿಂದಲೇ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ವಿಜಾಪುರದ ಆದಿಲಶಾಹಿಗಳೂ ಈ ನಾಡಿಗಾಗಿ ಸುಮಾರು ಇನ್ನೂರು ವರ್ಷ ಹೋರಾಡಿದರು.

ಈ ಯುದ್ಧಗಳಲ್ಲಿ 1520ರದು ಪ್ರಸಿದ್ಧವಾದುದು. ಕುದುರೆ ಕೊಳ್ಳಲು ರಾಯನಿಂದ ಹಣ ಪಡೆದಿದ್ದವನೊಬ್ಬನು ಹಣದೊಡನೆ ವಿಜಾಪುರದ ಆಶ್ರಯಕ್ಕೆ ಓಡಿದುದೇ ನೆವವಾಯಿತೆಂದು ಪೋರ್ಚುಗೀಸ್ ಬರಹಗಾರ ನೂನಿಜನು ಹೇಳುತ್ತಾನೆ. ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದನು. ಇಸ್ಮಾಯಿಲ್ ಆದಿಲಶಹನು ಕೃಷ್ಣೆಯನ್ನು ದಾಟಿ ಎದುರಾದನು. ಅವನ ಫಿರಂಗಿಗಳು ಒಮ್ಮೆಗೇ ಸಿಡಿದಾಗ ರಾಯನ ಮುಂಪಡೆಯು ಚದರಿತು. ಆದರೆ ರಾಯನು ಎದೆಗುಂದದೆ, ತಾನೇ ಕುದುರೆಯೇರಿ ಉಳಿದ ದಂಡನ್ನು ನಡೆಸಿ ಗೆದ್ದನು. ಹಿಮ್ಮೆಟ್ಟಿದವರಲ್ಲಿ ಅನೇಕರು ಹೊಳೆಯ ಪಾಲಾದರು. ಬಳಿಕ ಪೋರ್ಚುಗೀಸ್ ಬಂದೂಕುಗಾರರ ನೆರವಿನಿಂದ ಕೋಟೆಯೂ ವಶವಾಯಿತು.

ಗೆದ್ದ ಮೇಲೆ ನಡೆದುದು ಇನ್ನೂ ವಿಚಾರಾರ್ಹವಾದುದು. ಆದಿಲಶಹನು ಬಂದು ತನ್ನ ಪಾದವನ್ನು ಚುಂಬಿಸಿದರೆ ಕೋಟೆಯನ್ನೂ ಸೀಮೆಯನ್ನೂ ಹಿಂದಿರುಗಿಸುವೆನೆಂದು ರಾಯನು ರಾಯಭಾರಿಗೆ ಹೇಳಿದನೆಂದು ಅದೇ ನೂನಿಜನ ಬರಹದಲ್ಲಿದೆ. ಸುಲ್ತಾನನು ಬರಲಿಲ್ಲ, ವೈರವು ಆರಲಿಲ್ಲ.

ಅದೇ 1520ರಲ್ಲಿ ದೂರದ ಯೂರೋಪಿನ ಉತ್ತರದಲ್ಲಿಯೂ ಇಂಥದೇ ಒಂದು ಸಂಗತಿಯು ನಡೆಯಿತು. ಡೆನ್ಮಾರ್ಕಿನ ಅರಸನಾದ ಎರಡನೆಯ ಕ್ರಿಶ್ಚಿಯನ್ ಸ್ವೀಡನ್ನನ್ನು ಗೆದ್ದು, ಸ್ಟಾಕ್‌ಹೋಮಿನಲ್ಲಿ ಪಟ್ಟಾಭಿಷಿಕ್ತನಾಗಿ, ಉತ್ಸವ ಮುಗಿಯುತ್ತಲೇ ಎಂಬತ್ತಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಿದನು. ಜನರು ದಂಗೆಯೆದ್ದರು, 1523ರಲ್ಲಿ ಗುಸ್ತಾವ್ ವಾಸನು ಸ್ವೀಡನ್ನಿನ ಅರಸನಾದನು. ಆ ಬಳಿಕವೂ ಎರಡು ರಾಜ್ಯಗಳೂ ಮೇಲಿಂದ ಮೇಲೆ ಕಾದಾಡಿದವು. 1611ರಿಂದ 1613ರ ವರೆಗಿನ ಕಾಲ್ಮಾರ್ ಯುದ್ಧವು ಅವುಗಳಲ್ಲೊಂದು.

ಇತ್ತ 1565ರಲ್ಲಿ ದಖ್ಖನಿನ ಸುಲ್ತಾನರು ಒಂದುಗೂಡಿ ರಕ್ಕಸತಂಗಡಿಯಲ್ಲಿ ವಿಜಯನಗರವನ್ನು ಸೋಲಿಸಿದರು. ಎಡೆದೊರೆನಾಡು ಮತ್ತೆ ವಿಜಾಪುರಕ್ಕೆ ಸೇರಿತು. ರಾಯಚೂರಿನ ಗೆಲವು ಐವತ್ತು ವರ್ಷವೂ ಬಾಳಲಿಲ್ಲ. ದಂಡುಗಳು ತುಳಿದ ಹೊಲವನ್ನು ಪ್ರತಿ ಸಲವೂ ಮರಳಿ ಉತ್ತವನು ರೈತನೇ.

ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳನ್ನು ರಾಯಚೂರು, ಮುದಗಲ್ಲುಗಳ ಕೋಟೆಗಳಿಗೆ ಕರೆದೊಯ್ದಾಗ, ಗೆದ್ದವರು ಯಾರೆಂದು ಮಾತ್ರ ಹೇಳಿ ಸುಮ್ಮನಾಗಬಾರದು. ಗೆದ್ದವನು ಸೋತವನೊಡನೆ ಹೇಗೆ ನಡೆದುಕೊಂಡನೆಂಬುದನ್ನೂ ಕೇಳಿ ತಿಳಿಯುವಂತೆ ಅವರನ್ನು ಪ್ರೇರಿಸಬೇಕು.